ಪಿಡುಗು ಬಂದಾಗ ಶಾಲೆ ತೆರೆದಿರಬೇಕೆ, ಮುಚ್ಚಬೇಕೆ?

ಊರಿನಲ್ಲಿ ಅಂಟುರೋಗ ಹರಡುತ್ತಿದೆ ಎಂಬ ಸುದ್ದಿ ಬಂದರೆ ಆಡಳಿತ ಮೊದಲು ಮುಚ್ಚಿಸುವ ಜಾಗಗಳಲ್ಲಿ ಶಾಲೆಯೂ ಒಂದು. ಇದಕ್ಕೆ ಕಾರಣ ಸರಳ. ಒಂದೇ ಕೊಠಡಿಯಲ್ಲಿ ನಲವತ್ತು ಐವತ್ತು ಮಕ್ಕಳು ಐದಾರು ಗಂಟೆ ಒಟ್ಟಿಗೆ ಕುಳಿತಿರುತ್ತಾರೆ. ಒಬ್ಬರ ಕೆಮ್ಮು ಹಲವರಿಗೆ ತಗಲುತ್ತದೆ. ಸಂಜೆ ಅವರೆಲ್ಲರೂ ಬೇರೆ ಬೇರೆ ಮನೆಗಳಿಗೆ ಹೋಗುತ್ತಾರೆ. ಹೀಗಾಗಿ ಶಾಲೆಯ ಬಾಗಿಲು ಹಾಕಿದರೆ ರೋಗದ ದಾರಿಯೂ ಮುಚ್ಚುತ್ತದೆ ಎಂದು ನಮಗೆ ಅನಿಸುತ್ತದೆ.

ಕೋವಿಡ್ ಕಾರಣದಿಂದ 2020ರ ಮಾರ್ಚ್‌ನಲ್ಲಿ ಕರ್ನಾಟಕದ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ರಂದು. ಶಿಕ್ಷಕರಾಗಿಯೋ ವಿದ್ಯಾರ್ಥಿಗಳಾಗಿಯೋ ಆ ದಿನಗಳನ್ನು ನೀವು ಕಂಡಿದ್ದೀರಿ. ಮುಚ್ಚಿದ್ದು ಸರಿಯೇ, ಇನ್ನೂ ಬೇಗ ತೆರೆಯಬಹುದಿತ್ತೇ ಎಂಬ ಚರ್ಚೆ ಶಿಕ್ಷಕರ ಕೊಠಡಿಯಲ್ಲಿ ಈಗಲೂ ನಡೆಯುವುದುಂಟು.

ಈ ಪ್ರಶ್ನೆ ಹೊಸದಲ್ಲ. ಸುಮಾರು ನೂರು ವರ್ಷಗಳ ಹಿಂದೆ, 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ, ಅಮೆರಿಕದ ಪ್ರತಿಯೊಂದು ನಗರವೂ ಇದನ್ನು ಎದುರಿಸಿತು. ಆ ದೇಶದಲ್ಲಿ ಶಾಲೆ ಮುಚ್ಚುವ ಅಧಿಕಾರ ಬಹುಮಟ್ಟಿಗೆ ಸ್ಥಳೀಯ ಆಡಳಿತದ ಕೈಯಲ್ಲಿತ್ತು. ನಗರದ ಆರೋಗ್ಯ ಆಯುಕ್ತ, ಮೇಯರ್ ಮತ್ತು ಶಿಕ್ಷಣ ಮಂಡಳಿಗಳು ಕೂಡಿ ತೀರ್ಮಾನಿಸಬೇಕಿತ್ತು. ಮುಂದೆ ಸಂಶೋಧಕರು ಅಧ್ಯಯನಕ್ಕೆ ಆಯ್ದುಕೊಂಡ 43 ನಗರಗಳಲ್ಲಿ 40 ನಗರಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕ್, ಶಿಕಾಗೋ ಮತ್ತು ನ್ಯೂ ಹೇವನ್ ಮಾತ್ರ ತೆರೆದಿಟ್ಟವು. ಈ ಮೂರು ನಗರಗಳ, ಮುಖ್ಯವಾಗಿ ನ್ಯೂಯಾರ್ಕಿನ ನಿರ್ಧಾರದ ಹಿಂದಿದ್ದ ವಿಚಾರವೇನು? ಅದು ಫಲ ಕೊಟ್ಟಿತೇ? ಅದನ್ನು ಅಳೆಯುವುದು ಹೇಗೆ? ಇವುಗಳನ್ನು ಇಲ್ಲಿ ನೋಡೋಣ.

ಕೈಯಲ್ಲಿ ಔಷಧಿಯಿಲ್ಲದ ಕಾಲ

1918ರ ಫ್ಲೂ ಜಗತ್ತಿನಾದ್ಯಂತ ಸುಮಾರು 5 ಕೋಟಿ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಅಮೆರಿಕದಲ್ಲಿ ಸತ್ತವರು ಸುಮಾರು 6,75,000. ಭಾರತದಲ್ಲಿ ಸಾವಿನ ಸಂಖ್ಯೆ ಕೋಟಿ ದಾಟಿತ್ತು. ರೋಗಕ್ಕೆ ಕಾರಣವಾದದ್ದು ಎಚ್1ಎನ್1 ಗುಂಪಿನ ವೈರಸ್ ಎಂದು ನಮಗೆ ಇಂದು ಗೊತ್ತು. ಆಗ ಅದು ಯಾರಿಗೂ ಗೊತ್ತಿರಲಿಲ್ಲ. ಮನುಷ್ಯರಿಂದ ಇನ್‌ಫ್ಲುಯೆಂಜಾ ವೈರಸನ್ನು ಮೊದಲು ಬೇರ್ಪಡಿಸಿದ್ದು 1933ರಲ್ಲಿ. 1918ರಲ್ಲಿ ಅನೇಕ ವೈದ್ಯರು ಫೈಫರ್ ಎಂಬ ವಿಜ್ಞಾನಿ ಗುರುತಿಸಿದ್ದ ಒಂದು ಬ್ಯಾಕ್ಟೀರಿಯವೇ ಫ್ಲೂಗೆ ಕಾರಣವೆಂದು ತಪ್ಪಾಗಿ ನಂಬಿದ್ದರು. ನಿಜವಾದ ಲಸಿಕೆ ಇರಲಿಲ್ಲ. ಫ್ಲೂ ಹಿಂದೆಯೇ ಬರುತ್ತಿದ್ದ ನ್ಯುಮೋನಿಯಕ್ಕೆ ಪ್ರತಿಜೈವಿಕಗಳೂ ಇರಲಿಲ್ಲ.

ಹೀಗಾಗಿ ಆರೋಗ್ಯಾಧಿಕಾರಿಗಳ ಕೈಯಲ್ಲಿ ಇದ್ದದ್ದು ಜನರ ಓಡಾಟವನ್ನು, ಕೂಡುವಿಕೆಯನ್ನು ನಿಯಂತ್ರಿಸುವ ಕ್ರಮಗಳು ಮಾತ್ರ. ರೋಗಿಯನ್ನು ಬೇರೆ ಇಡುವುದು, ಸಭೆ ಸಮಾರಂಭಗಳನ್ನು ನಿಲ್ಲಿಸುವುದು, ನಾಟಕಶಾಲೆ, ಚರ್ಚು, ಶಾಲೆಗಳನ್ನು ಮುಚ್ಚುವುದು ಇವೇ ಮೊದಲಾದವು. ಯಾವುದನ್ನು, ಯಾವಾಗ, ಎಷ್ಟು ದಿನ ಮಾಡಬೇಕೆಂಬುದಕ್ಕೆ ಸಿದ್ಧ ಸೂತ್ರವಿರಲಿಲ್ಲ.

ಈ ರೋಗದ ಇನ್ನೊಂದು ವಿಶೇಷವನ್ನು ನೀವು ಗಮನಿಸಬೇಕು. ಸಾಮಾನ್ಯ ಫ್ಲೂ ಹೆಚ್ಚಾಗಿ ಶಿಶುಗಳನ್ನು ಮತ್ತು ಮುದುಕರನ್ನು ಕೊಲ್ಲುತ್ತದೆ. ವಯಸ್ಸಿಗೆ ಎದುರಾಗಿ ಸಾವಿನ ದರವನ್ನು ಗುರುತಿಸಿದರೆ ಅದು ಇಂಗ್ಲಿಷಿನ ‘ಯು’ ಅಕ್ಷರದಂತೆ ಕಾಣುತ್ತದೆ. 1918ರಲ್ಲಿ ಅದು ‘ಡಬ್ಲ್ಯು’ ಅಕ್ಷರದಂತಿತ್ತು. ಎರಡು ತುದಿಗಳ ಜೊತೆಗೆ 20ರಿಂದ 40 ವರ್ಷದ ದೃಢಕಾಯರ ನಡುವೆಯೂ ಸಾವು ವಿಪರೀತವಾಗಿತ್ತು. ರೇಖೆ ತೀರ ಕೆಳಗಿಳಿದಿದ್ದ ಜಾಗ ಸುಮಾರು 5ರಿಂದ 14 ವರ್ಷದ್ದು, ಅಂದರೆ ಶಾಲಾ ಮಕ್ಕಳ ವಯಸ್ಸು. ಆದರೆ ಸೋಂಕು ತಗಲಿದವರ ಪ್ರಮಾಣ ನೋಡಿದರೆ ಇದೇ ವಯಸ್ಸಿನವರು ಮುಂದಿದ್ದರು. ಮಕ್ಕಳಿಗೆ ರೋಗ ಬರುತ್ತಿತ್ತು, ಹೆಚ್ಚಿನವರು ಗುಣವಾಗುತ್ತಿದ್ದರು. ಅವರಿಂದ ಮನೆಯಲ್ಲಿದ್ದ ತಂದೆತಾಯಿಗೆ ಹರಡಿದರೆ ಅದೇ ಪ್ರಾಣಾಂತಿಕವಾಗಬಹುದಿತ್ತು. ಶಾಲೆಯ ಪ್ರಶ್ನೆ ಜಟಿಲವಾದದ್ದು ಇದರಿಂದಲೇ.

ನ್ಯೂಯಾರ್ಕ್ ಮಾಡಿದ್ದೇನು?

1918ರ ಆಗಸ್ಟ್‌ನಲ್ಲಿ ನಾರ್ವೆಯಿಂದ ಬಂದ ಹಡಗಿನಲ್ಲಿ ಫ್ಲೂ ತಗಲಿದ ಪ್ರಯಾಣಿಕರು ನ್ಯೂಯಾರ್ಕಿನಲ್ಲಿ ಇಳಿದರು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ನಗರದೊಳಗೆ ರೋಗ ಕಾಣಿಸಿಕೊಂಡಿತು. ಆಗಿನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಫ್ಲೂ ರೋಗಿಗಳ ವಿವರವನ್ನು ವೈದ್ಯರು ಕಡ್ಡಾಯವಾಗಿ ಇಲಾಖೆಗೆ ತಿಳಿಸಬೇಕೆಂದು ಆದೇಶಿಸಿದರು. ರೋಗಿಗಳನ್ನು ಮನೆಯಲ್ಲಿ ಅಥವಾ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿ ಇಡುವ ವ್ಯವಸ್ಥೆಯಾಯಿತು. ಅಕ್ಟೋಬರ್ ಮೊದಲ ವಾರದಲ್ಲಿ ಅಂಗಡಿ, ಕಚೇರಿ, ಕಾರ್ಖಾನೆಗಳ ಆರಂಭ ಮತ್ತು ಮುಕ್ತಾಯದ ವೇಳೆಗಳನ್ನು ಬೇರೆ ಬೇರೆಯಾಗಿ ನಿಗದಿಪಡಿಸಲಾಯಿತು. ಸುರಂಗ ರೈಲುಗಳಲ್ಲಿ ಒಂದೇ ಹೊತ್ತಿಗೆ ಜನ ತುಂಬುವುದನ್ನು ತಪ್ಪಿಸುವುದು ಇದರ ಉದ್ದೇಶ. ರಸ್ತೆಯಲ್ಲಿ ಉಗುಳುವವರ ಮೇಲೆ ಕ್ರಮ ಜರುಗಿಸಲಾಯಿತು. ನಗರದುದ್ದಕ್ಕೂ 150ಕ್ಕೂ ಹೆಚ್ಚು ತುರ್ತು ಆರೋಗ್ಯ ಕೇಂದ್ರಗಳು ತೆರೆದವು.

ಶಾಲೆಗಳನ್ನು ಮಾತ್ರ ಮುಚ್ಚಲಿಲ್ಲ. ನಗರದ ಸಾರ್ವಜನಿಕ ಶಾಲೆಗಳಲ್ಲಿ ಆಗ ಸುಮಾರು 10 ಲಕ್ಷ ಮಕ್ಕಳಿದ್ದರು. ಅವರಲ್ಲಿ ಸುಮಾರು ಏಳೂವರೆ ಲಕ್ಷ ಮಕ್ಕಳ ಮನೆಗಳು ಇದ್ದದ್ದು ಒತ್ತೊತ್ತಾಗಿ ಕಟ್ಟಿದ್ದ ಬಹುಮಹಡಿ ವಠಾರಗಳಲ್ಲಿ. ಬೆಳಕು ಕಡಿಮೆ, ಗಾಳಿ ಕಡಿಮೆ, ಒಂದೆರಡು ಕೋಣೆಗಳಲ್ಲಿ ಇಡೀ ಸಂಸಾರ. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೂ ಹಲವು. ಕೋಪ್‌ಲ್ಯಾಂಡ್ ಅವರ ವಾದ ಹೀಗಿತ್ತು: ಶಾಲೆ ಮುಚ್ಚಿದರೆ ಈ ಮಕ್ಕಳು ಇರುವುದು ವಠಾರದ ಕತ್ತಲೆಯ ಕೋಣೆಯಲ್ಲಿ, ಮೆಟ್ಟಿಲುಗಳ ಮೇಲೆ, ಬೀದಿಯಲ್ಲಿ. ಶಾಲೆಯ ಕಟ್ಟಡ ಅದಕ್ಕಿಂತ ವಿಶಾಲ, ಶುಚಿ, ಗಾಳಿಯಾಡುವಂಥದು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಪ್ರತಿಯೊಂದು ಮಗುವನ್ನೂ ದಿನಕ್ಕೊಮ್ಮೆ ಯಾರಾದರೂ ಪರೀಕ್ಷಿಸಿ ನೋಡುತ್ತಾರೆ.

ಈ ವಾದಕ್ಕೆ ಬಲ ಕೊಟ್ಟವರು ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ ಡಾ. ಜೋಸೆಫಿನ್ ಬೇಕರ್. ‘ಟೈಫಾಯಿಡ್ ಮೇರಿ’ ಎಂದು ಹೆಸರಾದ ಅಡುಗೆಯಾಕೆಯನ್ನು 1907ರಲ್ಲಿ ಪತ್ತೆಹಚ್ಚಿ ಆಸ್ಪತ್ರೆಗೆ ಕರೆತಂದವರಲ್ಲಿ ಇವರೂ ಒಬ್ಬರು. 1908ರಿಂದ ಈ ವಿಭಾಗವನ್ನು ನಡೆಸುತ್ತಿದ್ದ ಅವರಿಗೆ ವಠಾರಗಳ ಒಳಹೊರಗು ಚೆನ್ನಾಗಿ ಗೊತ್ತಿತ್ತು.

ಶಾಲೆ ತೆರೆದಿಡುವುದೆಂದರೆ ಎಂದಿನಂತೆ ನಡೆಸುವುದು ಎಂದು ಅರ್ಥವಾಗಿರಲಿಲ್ಲ. ಮಕ್ಕಳು ಅಂಗಳದಲ್ಲಿ ಗುಂಪುಗೂಡದೆ ನೇರವಾಗಿ ತಮ್ಮ ತರಗತಿಗೆ ಹೋಗಬೇಕಿತ್ತು. ಶಿಕ್ಷಕರು ಪ್ರತಿಯೊಬ್ಬರಲ್ಲೂ ನೆಗಡಿ, ಕೆಮ್ಮು, ಜ್ವರದ ಲಕ್ಷಣ ಇದೆಯೇ ಎಂದು ನೋಡುತ್ತಿದ್ದರು. ಲಕ್ಷಣ ಕಂಡ ಮಗುವನ್ನು ಬೇರೆ ಕೂರಿಸಿ ವೈದ್ಯರಿಗೆ ಅಥವಾ ದಾದಿಗೆ ತೋರಿಸುತ್ತಿದ್ದರು. ರೋಗವಿದ್ದರೆ ಆರೋಗ್ಯ ಇಲಾಖೆಯವರೊಬ್ಬರು ಮಗುವನ್ನು ಮನೆಗೆ ಕರೆದೊಯ್ದು, ಅಲ್ಲಿ ಅದನ್ನು ಪ್ರತ್ಯೇಕವಾಗಿ ಇಡಲು ಸಾಧ್ಯವೇ ಎಂದು ಪರಿಶೀಲಿಸುತ್ತಿದ್ದರು. ಸಾಧ್ಯವಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಹೀಗೆ ಶಾಲೆ ರೋಗ ಪತ್ತೆಯ ಕೇಂದ್ರವೂ ಆಯಿತು.

ಇದೇ ನಗರ ಎರಡು ವರ್ಷಗಳ ಹಿಂದೆ ಬೇರೆ ತೀರ್ಮಾನ ತೆಗೆದುಕೊಂಡಿತ್ತು. 1916ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಪೋಲಿಯೊ ಹಬ್ಬಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಎಳೆಯ ಮಕ್ಕಳು. ಆಗ ಶಾಲೆಗಳ ಆರಂಭವನ್ನು ಸೆಪ್ಟೆಂಬರ್ 25ರವರೆಗೆ ಮುಂದೂಡಲಾಯಿತು. ರೋಗ ಬೇರೆಯಾದಾಗ, ಅದು ಯಾರನ್ನು ಹೆಚ್ಚು ಬಾಧಿಸುತ್ತದೆ ಎಂಬುದು ಬೇರೆಯಾದಾಗ ಶಾಲೆಯ ಬಗೆಗಿನ ತೀರ್ಮಾನವೂ ಬೇರೆಯಾದದ್ದನ್ನು ಇಲ್ಲಿ ಕಾಣಬಹುದು.

ಈ ಧೈರ್ಯ ಎಲ್ಲಿಂದ ಬಂತು?

ಇನ್ನೊಂದು ನಗರ ಇದೇ ಆದೇಶವನ್ನು ನಕಲು ಮಾಡಿದ್ದರೆ ನಡೆಯುತ್ತಿತ್ತೇ? ಬಹುಶಃ ಇಲ್ಲ. ನ್ಯೂಯಾರ್ಕಿನ ಶಾಲೆಗಳಲ್ಲಿ ವೈದ್ಯಕೀಯ ತಪಾಸಣೆ 1897ರಷ್ಟು ಹಿಂದೆಯೇ ಶುರುವಾಗಿತ್ತು. ಮೊದಲಿಗೆ ವೈದ್ಯರು ಬಂದು ಅಂಟುರೋಗವಿರುವ ಮಕ್ಕಳನ್ನು ಗುರುತಿಸಿ ಮನೆಗೆ ಕಳುಹಿಸುತ್ತಿದ್ದರು. ಆದರೆ ಮನೆಗೆ ಹೋದ ಮಗುವಿಗೆ ಚಿಕಿತ್ಸೆ ಕೊಡಿಸುವವರು ಇರಲಿಲ್ಲ. ತರಗತಿಯಿಂದ ಹೊರಬಿದ್ದ ಮಕ್ಕಳು ಬೀದಿಯಲ್ಲಿ ಅದೇ ಗೆಳೆಯರೊಡನೆ ಆಡುತ್ತಿದ್ದರು. ರೋಗ ಹರಡುವುದು ನಿಲ್ಲಲಿಲ್ಲ, ಪಾಠ ಮಾತ್ರ ತಪ್ಪಿತು.

1902ರ ಅಕ್ಟೋಬರ್‌ನಲ್ಲಿ ಲಿಲಿಯನ್ ವಾಲ್ಡ್ ಎಂಬ ಸಮಾಜಸೇವಕಿ ತಮ್ಮ ಸಂಸ್ಥೆಯ ದಾದಿ ಲಿನಾ ರೋಜರ್ಸ್ ಅವರನ್ನು ಪ್ರಾಯೋಗಿಕವಾಗಿ ನಾಲ್ಕು ಶಾಲೆಗಳಿಗೆ ಕಳುಹಿಸಿದರು. ಅವರು ಕಜ್ಜಿ, ಕಣ್ಣುಬೇನೆ, ಹೇನು ಮುಂತಾದವಕ್ಕೆ ಶಾಲೆಯಲ್ಲೇ ಉಪಚಾರ ಮಾಡಿದರು. ಮನೆಗಳಿಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಪ್ರಯೋಗ ಫಲ ಕೊಟ್ಟಿತು. ನಗರ ಇನ್ನಷ್ಟು ದಾದಿಯರನ್ನು ನೇಮಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗಿಟ್ಟಿದ್ದ ಮಕ್ಕಳ ಸಂಖ್ಯೆ ಸುಮಾರು 10,500 ಇತ್ತು. ಒಂದೇ ವರ್ಷದಲ್ಲಿ, 1903ರ ಸೆಪ್ಟೆಂಬರ್ ಹೊತ್ತಿಗೆ, ಅದು ಸುಮಾರು 1,100ಕ್ಕೆ ಇಳಿಯಿತು.

1918ರ ನಿರ್ಧಾರದ ಬೇರು ಇಲ್ಲಿದೆ. ಪಿಡುಗು ಬಂದಾಗ ಓಡಾಡಿ ದಾದಿಯರನ್ನು ಹುಡುಕಬೇಕಾಗಿರಲಿಲ್ಲ. ಹದಿನಾರು ವರ್ಷಗಳಿಂದ ಬೆಳೆದು ಬಂದ ವ್ಯವಸ್ಥೆಯೊಂದು ಕೈಯಲ್ಲಿತ್ತು. ಶಿಕಾಗೋದಲ್ಲೂ ಶಾಲಾ ವೈದ್ಯರು, ದಾದಿಯರ ವ್ಯವಸ್ಥೆಯಿತ್ತು. ಅಲ್ಲಿನ ಆರೋಗ್ಯ ಆಯುಕ್ತ ಜಾನ್ ಡಿಲ್ ರಾಬರ್ಟ್‌ಸನ್ ಇದೇ ಮಾರ್ಗ ಹಿಡಿದರು.

ಆದರೂ ವಿರೋಧ ಕಡಿಮೆಯಿರಲಿಲ್ಲ. ನ್ಯೂಯಾರ್ಕಿನಲ್ಲಿ ಆರೋಗ್ಯ ಇಲಾಖೆಯನ್ನು ಹಿಂದೆ ನಡೆಸಿದವರಿಂದಲೇ ಟೀಕೆಗಳು ಬಂದವು. ಶಿಕಾಗೋದಲ್ಲಿ ಎಷ್ಟೋ ಪೋಷಕರು ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ಗೈರುಹಾಜರಿ ಏರಿತು. ಅಧಿಕಾರಿಗಳು ಇದನ್ನು ‘ಫ್ಲೂ ಭೀತಿ’ ಎಂದು ಕರೆದರು. ತಂದೆತಾಯಿಯ ದೃಷ್ಟಿಯಿಂದ ನೋಡಿದರೆ ಆ ಭಯವನ್ನು ತಪ್ಪೆನ್ನಲಾಗದು. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಶಾಲೆ ನಡೆಯುವುದಿಲ್ಲ, ಪೋಷಕರಿಗೆ ನಂಬಿಕೆ ಬಂದರಷ್ಟೇ ಮಕ್ಕಳು ಒಳಗೆ ಬರುತ್ತಾರೆ.

ಒಂದು ಸರಳ ಲೆಕ್ಕ

ಎರಡು ದಾರಿಗಳನ್ನು ಹೋಲಿಸಲು ನಾವೇ ಒಂದು ಲೆಕ್ಕ ಮಾಡೋಣ. ಇಲ್ಲಿನ ಸಂಖ್ಯೆಗಳು ಉದಾಹರಣೆಗೆ ಮಾತ್ರ. ಕಪ್ಪುಹಲಗೆಯ ಮೇಲೆ ನೀವೂ ಮಾಡಿ ನೋಡಬಹುದು.

ಒಬ್ಬ ರೋಗಿ ಸರಾಸರಿ ಇಬ್ಬರಿಗೆ ರೋಗ ಹರಡುತ್ತಾನೆ ಎಂದುಕೊಳ್ಳಿ. ಇದನ್ನು ಹರಡುವಿಕೆಯ ಸಂಖ್ಯೆ ಎನ್ನೋಣ. ಒಬ್ಬರಿಂದ 2, ಅವರಿಂದ 4, ಮುಂದೆ 8, 16, 32. ಐದನೆಯ ಸುತ್ತಿನಲ್ಲಿ 32 ಹೊಸ ರೋಗಿಗಳು. ಫ್ಲೂ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸುಮಾರು ಮೂರು ದಿನವೆಂದರೆ ಐದು ಸುತ್ತಿಗೆ ಹದಿನೈದು ದಿನ.

ಊರಿನಲ್ಲಿ ನಡೆಯುವ ಪ್ರತಿ 10 ಹರಡುವಿಕೆಗಳಲ್ಲಿ 4 ಶಾಲಾ ಮಕ್ಕಳಿಂದ ಆಗುತ್ತವೆ, ಅವುಗಳಲ್ಲಿ 3 ಶಾಲೆಯೊಳಗೆ, 1 ಮನೆ ಅಥವಾ ಬೀದಿಯಲ್ಲಿ ಎಂದುಕೊಳ್ಳಿ.

ಮೊದಲ ದಾರಿ: ಶಾಲೆ ಮುಚ್ಚಿದೆವು. ಶಾಲೆಯೊಳಗಿನ 3 ಹರಡುವಿಕೆ ನಿಂತವು. ಆದರೆ ಮಕ್ಕಳು ಬೀದಿಯಲ್ಲಿ ಆಡುವುದರಿಂದ 1 ಹೊಸದಾಗಿ ಸೇರಿತು. ಹತ್ತಕ್ಕೆ 8 ಉಳಿಯಿತು. ಹರಡುವಿಕೆಯ ಸಂಖ್ಯೆ 2ರಿಂದ 1.6ಕ್ಕೆ ಇಳಿಯಿತು. ಐದನೆಯ ಸುತ್ತಿನಲ್ಲಿ 32ರ ಬದಲು ಸುಮಾರು 10 ಹೊಸ ರೋಗಿಗಳು.

ಎರಡನೆಯ ದಾರಿ: ಶಾಲೆ ತೆರೆದು ದಿನವೂ ತಪಾಸಣೆ ಮಾಡಿದೆವು. ಅದರಿಂದ ಮಕ್ಕಳ ಮೂಲಕ ಆಗುವ 4 ಹರಡುವಿಕೆಗಳಲ್ಲಿ ಅರ್ಧದಷ್ಟು, ಅಂದರೆ 2 ತಪ್ಪಿದವು ಎಂದುಕೊಳ್ಳಿ. ಇಲ್ಲೂ ಹತ್ತಕ್ಕೆ 8 ಉಳಿಯಿತು. ಸಂಖ್ಯೆ ಮತ್ತೆ 1.6.

ಎರಡು ದಾರಿಗಳ ಫಲವೂ ಒಂದೇ ಆಯಿತು. ಈಗ ನಮ್ಮ ಊಹೆಗಳನ್ನು ಸ್ವಲ್ಪ ಬದಲಿಸೋಣ. ತಪಾಸಣೆ ಸಡಿಲವಾಗಿದ್ದು 4ರಲ್ಲಿ 1 ಹರಡುವಿಕೆ ಮಾತ್ರ ತಪ್ಪಿದರೆ ಹತ್ತಕ್ಕೆ 9 ಉಳಿಯುತ್ತದೆ. ಸಂಖ್ಯೆ 1.8, ಐದನೆಯ ಸುತ್ತಿನಲ್ಲಿ ಸುಮಾರು 19 ರೋಗಿಗಳು. ಆಗ ಮುಚ್ಚುವುದೇ ಮೇಲು. ಇದಕ್ಕೆ ವಿರುದ್ಧವಾಗಿ ತಪಾಸಣೆ ಬಿಗಿಯಾಗಿದ್ದು, ಮುಚ್ಚಿದ ಶಾಲೆಯ ಮಕ್ಕಳು ಬೀದಿಯಲ್ಲಿ, ವಠಾರದಲ್ಲಿ ಇನ್ನೂ ಹೆಚ್ಚು ಬೆರೆತು 2 ಹೊಸ ಹರಡುವಿಕೆ ಸೇರಿದರೆ ತೆರೆದಿಡುವುದೇ ಮೇಲು. ತೀರ್ಮಾನವನ್ನು ತಿರುಗಿಸುವ ಸಂಗತಿಗಳು ಎರಡೇ: ಶಾಲೆಯ ಹೊರಗೆ ಮಗು ಎಲ್ಲಿರುತ್ತದೆ, ಶಾಲೆಯ ಒಳಗೆ ತಪಾಸಣೆ ಎಷ್ಟು ಚೆನ್ನಾಗಿ ನಡೆಯುತ್ತದೆ. ಇವೆರಡೂ ಊರಿಂದ ಊರಿಗೆ ಬೇರೆ. ಶಾಲೆಯ ವಿಷಯದಲ್ಲಿ ಸ್ಥಳೀಯ ನಿರ್ಧಾರಕ್ಕೆ ಮಹತ್ವ ಬರುವುದು ಈ ಕಾರಣದಿಂದ.

ಇನ್ನೂ ಒಂದು ವಿಷಯ ಗಮನಿಸಿ. ಎರಡು ದಾರಿಗಳಲ್ಲೂ ಸಂಖ್ಯೆ 1ಕ್ಕಿಂತ ಮೇಲೇ ಉಳಿಯಿತು. ಅಂದರೆ ರೋಗ ನಿಧಾನವಾಯಿತು, ನಿಲ್ಲಲಿಲ್ಲ. ಕಚೇರಿಗಳ ವೇಳೆ ಬದಲಾವಣೆ, ರೋಗಿಗಳ ಪ್ರತ್ಯೇಕವಾಸ, ಸಭೆಗಳ ನಿಷೇಧ ಇವೆಲ್ಲ ಸೇರಿ ಇನ್ನೂ 3 ಹರಡುವಿಕೆಗಳನ್ನು ತಪ್ಪಿಸಿದರೆ ಮಾತ್ರ ಹತ್ತಕ್ಕೆ 5 ಉಳಿದು ಸಂಖ್ಯೆ 1ಕ್ಕೆ ಬರುತ್ತದೆ. ಶಾಲೆಯೊಂದರ ಮೇಲೆ ಇಡೀ ಪಿಡುಗಿನ ಹೊಣೆ ಹೊರಿಸುವುದು ಲೆಕ್ಕಕ್ಕೆ ಒಪ್ಪುವ ಮಾತಲ್ಲ.

ಸಾವಿನ ಅಂಕಿಗಳು ಹೇಳುವುದೇನು?

ಸಂಶೋಧಕರ ತಂಡವೊಂದು 2007ರಲ್ಲಿ ಅಮೆರಿಕದ 43 ನಗರಗಳ ಹಳೆಯ ದಾಖಲೆಗಳನ್ನು ಶೋಧಿಸಿ ವಿಶ್ಲೇಷಣೆಯನ್ನು ಪ್ರಕಟಿಸಿತು. ಎಂದಿನ ವರ್ಷಗಳಲ್ಲಿ ನಿರೀಕ್ಷಿಸಬಹುದಾದ ಸಾವುಗಳನ್ನು ಕಳೆದು ಉಳಿದ ‘ಹೆಚ್ಚುವರಿ ಸಾವು’ಗಳನ್ನು ಅದು ಲೆಕ್ಕ ಹಾಕಿತು. 1918ರ ಸೆಪ್ಟೆಂಬರ್‌ನಿಂದ 1919ರ ಫೆಬ್ರವರಿವರೆಗಿನ 24 ವಾರಗಳಲ್ಲಿ, ಪ್ರತಿ ಒಂದು ಲಕ್ಷ ಜನರಿಗೆ ಈ ಸಾವುಗಳು ಹೀಗಿದ್ದವು:

ಸೇಂಟ್ ಲೂಯಿಸ್ – 358 (ಶಾಲೆ ಮುಚ್ಚಿತ್ತು)
ಶಿಕಾಗೋ – 373 (ಶಾಲೆ ತೆರೆದಿತ್ತು)
ನ್ಯೂಯಾರ್ಕ್ – 452 (ಶಾಲೆ ತೆರೆದಿತ್ತು)
ಫಿಲಡೆಲ್ಫಿಯ – 748 (ಶಾಲೆ ಮುಚ್ಚಿತ್ತು)
ಪಿಟ್ಸ್‌ಬರ್ಗ್ – 807 (ಶಾಲೆ ಮುಚ್ಚಿತ್ತು)

ಈ ಪಟ್ಟಿಯನ್ನು ಮೇಲಿಂದ ಮೇಲೆ ನೋಡಿದವರು ‘ಶಾಲೆ ತೆರೆದಿಟ್ಟರೂ ಸಾವು ಕಡಿಮೆ, ಆದ್ದರಿಂದ ಮುಚ್ಚುವುದು ವ್ಯರ್ಥ’ ಎನ್ನಬಹುದು. ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಎಚ್ಚರ ವಹಿಸಬೇಕು. ಸೇಂಟ್ ಲೂಯಿಸ್ ಮತ್ತು ಫಿಲಡೆಲ್ಫಿಯಗಳನ್ನೇ ನೋಡಿ. ಎರಡೂ ಶಾಲೆ ಮುಚ್ಚಿದವು, ಸಾವು ಮಾತ್ರ ಎರಡು ಪಟ್ಟು ವ್ಯತ್ಯಾಸ. ಫಿಲಡೆಲ್ಫಿಯದಲ್ಲಿ ನಾಗರಿಕರ ನಡುವೆ ರೋಗ ಕಂಡದ್ದು ಸೆಪ್ಟೆಂಬರ್ 17ರಂದು. ಆದರೂ ಸೆಪ್ಟೆಂಬರ್ 28ರಂದು ಯುದ್ಧಸಾಲದ ಪ್ರಚಾರಕ್ಕಾಗಿ ಸುಮಾರು 2 ಲಕ್ಷ ಜನ ಸೇರಿದ ಮೆರವಣಿಗೆ ನಡೆಯಿತು. ಶಾಲೆ, ಚರ್ಚು, ನಾಟಕಶಾಲೆಗಳನ್ನು ಮುಚ್ಚಿದ್ದು ಅಕ್ಟೋಬರ್ 3ರಂದು. ಸೇಂಟ್ ಲೂಯಿಸ್‌ನಲ್ಲಿ ರೋಗ ಕಂಡದ್ದು ಅಕ್ಟೋಬರ್ 5ರಂದು, ಆರೋಗ್ಯ ಆಯುಕ್ತ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ನಿರ್ಬಂಧ ವಿಧಿಸಿದ್ದು ಅಕ್ಟೋಬರ್ 7ರಂದು. ಒಂದು ಕಡೆ 16 ದಿನ, ಇನ್ನೊಂದು ಕಡೆ 2 ದಿನ. ನಮ್ಮ ಲೆಕ್ಕದಲ್ಲಿ ಈ ಎರಡು ವಾರಗಳ ಅಂತರವೆಂದರೆ ಸುಮಾರು ಐದು ಸುತ್ತು. ಸೇಂಟ್ ಲೂಯಿಸ್‌ನಲ್ಲೂ ನವೆಂಬರ್‌ನಲ್ಲಿ ನಿರ್ಬಂಧ ಸಡಿಲಿಸಿದಾಗ ರೋಗ ಮತ್ತೆ ಏರಿ, ಶಾಲೆಗಳನ್ನು ಮತ್ತೊಮ್ಮೆ ಮುಚ್ಚಬೇಕಾಯಿತು.

43 ನಗರಗಳ ಅಧ್ಯಯನದ ಒಟ್ಟು ಸಾರವೇನೆಂದರೆ, ಬೇಗ ಆರಂಭಿಸಿದ, ಹಲವು ಕ್ರಮಗಳನ್ನು ಒಟ್ಟಿಗೆ ಕೈಗೊಂಡ, ಅವುಗಳನ್ನು ಹೆಚ್ಚು ದಿನ ಪಾಲಿಸಿದ ನಗರಗಳಲ್ಲಿ ಸಾವು ಕಡಿಮೆಯಿತ್ತು. ಶಾಲೆ ಮುಚ್ಚುವುದೂ ಅಂಥ ಉಪಯುಕ್ತ ಕ್ರಮಗಳಲ್ಲಿ ಒಂದಾಗಿತ್ತು. ನ್ಯೂಯಾರ್ಕ್ ಶಾಲೆ ಮುಚ್ಚದಿದ್ದರೂ ಉಳಿದ ಕ್ರಮಗಳನ್ನು ಎಲ್ಲರಿಗಿಂತ ಬೇಗ ಆರಂಭಿಸಿತ್ತು.

ಮತ್ತೊಂದು ಅಂಶವೂ ಇದೆ. 1918ರ ವಸಂತದಲ್ಲೇ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ನ್ಯೂಯಾರ್ಕಿನಲ್ಲಿ ಇದೇ ಬಗೆಯ ಫ್ಲೂ ಒಮ್ಮೆ ಹಾದುಹೋಗಿದ್ದ ಕುರುಹುಗಳು ಸಾವಿನ ದಾಖಲೆಗಳಲ್ಲಿ ಸಿಕ್ಕಿವೆ. 2005ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಹಾಗಿದ್ದರೆ ನಗರದ ಒಂದಷ್ಟು ಜನರಿಗೆ ಮೊದಲೇ ರೋಗನಿರೋಧ ಬಂದಿದ್ದಿರಬಹುದು. ಸಾವು ಕಡಿಮೆಯಾಗಲು ಅದೂ ಕಾರಣವಾಗಿರಬಹುದು. ಶಾಲೆ ತೆರೆದಿಟ್ಟಿದ್ದ ಮೂರನೆಯ ನಗರ ನ್ಯೂ ಹೇವನ್‌ನಲ್ಲಿ ಸಾವಿನ ದರ ನ್ಯೂಯಾರ್ಕಿಗಿಂತ ಹೆಚ್ಚಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆದ್ದರಿಂದ ನಾವು ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಬಿಗಿಯಾದ ತಪಾಸಣೆಯೊಡನೆ, ಇತರ ಕ್ರಮಗಳ ಜೊತೆಯಲ್ಲಿ ಶಾಲೆ ತೆರೆದಿಟ್ಟ ಒಂದು ಮಹಾನಗರ ಅದರಿಂದಾಗಿ ಉಳಿದ ನಗರಗಳಿಗಿಂತ ಕೆಟ್ಟ ಸ್ಥಿತಿಗೆ ಹೋಗಲಿಲ್ಲ. ತೆರೆದಿಟ್ಟದ್ದರಿಂದಲೇ ಸಾವು ಕಡಿಮೆಯಾಯಿತು ಎನ್ನಲು ಈ ಅಂಕಿಗಳು ಸಾಲವು.

ಅದೇ ನಗರ, ನೂರಎರಡು ವರ್ಷಗಳ ನಂತರ

2020ರಲ್ಲಿ ನ್ಯೂಯಾರ್ಕ್ ಅದೇ ಪ್ರಶ್ನೆಯ ಮುಂದೆ ನಿಂತಿತು. ಈ ಸಲ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಕೋವಿಡ್‌ಗೂ ಫ್ಲೂಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಫ್ಲೂನಲ್ಲಿ ಸೋಂಕು ತಗಲಿದ ಸುಮಾರು ಎರಡು ದಿನಕ್ಕೆ ಲಕ್ಷಣ ಕಾಣುತ್ತದೆ. ಲಕ್ಷಣಕ್ಕೆ ಮುಂಚೆ ಹರಡುವ ಅವಧಿ ಸುಮಾರು ಒಂದು ದಿನ. ಕೋವಿಡ್‌ನಲ್ಲಿ ಲಕ್ಷಣ ಕಾಣುವ ಮೊದಲೇ ಹರಡುವುದು ಹೆಚ್ಚು. ಮಕ್ಕಳಲ್ಲಿ ಎಷ್ಟೋ ಮಂದಿಗೆ ಲಕ್ಷಣವೇ ಇರುವುದಿಲ್ಲ. ಹೀಗಾಗಿ ಬಾಗಿಲಲ್ಲಿ ನಿಂತು ಜ್ವರ ನೋಡುವ 1918ರ ವಿಧಾನ ಇಲ್ಲಿ ಅಷ್ಟು ಫಲ ಕೊಡದು. ಮಾಸ್ಕ್, ಕಿಟಕಿಗಳ ಗಾಳಿಯಾಟ, ಲಕ್ಷಣವಿಲ್ಲದವರಿಗೂ ಪರೀಕ್ಷೆ ಇವು ಆ ಜಾಗಕ್ಕೆ ಬರಬೇಕಾಯಿತು.

2020ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಆಡಳಿತ ಶಾಲೆಗಳನ್ನು ಹಂತಹಂತವಾಗಿ ತೆರೆಯಿತು. ಜೊತೆಗೆ ಒಂದು ಮಿತಿ ಹಾಕಿಕೊಂಡಿತು: ನಗರದಲ್ಲಿ ಪರೀಕ್ಷಿಸಿದವರ ಪೈಕಿ ಸೋಂಕಿತರ ಏಳು ದಿನಗಳ ಸರಾಸರಿ ನೂರಕ್ಕೆ 3 ಮುಟ್ಟಿದರೆ ಎಲ್ಲ ಶಾಲೆಗಳನ್ನೂ ಮುಚ್ಚುವುದು. ನವೆಂಬರ್‌ನಲ್ಲಿ ಆ ಮಿತಿ ಮುಟ್ಟಿತು. ನವೆಂಬರ್ 19ರಿಂದ ಶಾಲೆಗಳು ಮುಚ್ಚಿದವು. ಆದರೆ ಶಾಲೆಗಳ ಒಳಗೆ ನಡೆಸಿದ ಪರೀಕ್ಷೆಗಳಲ್ಲಿ ಸೋಂಕಿನ ಪ್ರಮಾಣ ನಗರದ ಸರಾಸರಿಗಿಂತ ಬಹಳ ಕಡಿಮೆಯಿತ್ತು. ಅದೇ ದಿನಗಳಲ್ಲಿ ಹೋಟೆಲುಗಳ ಒಳಗೆ ಕುಳಿತು ಊಟ ಮಾಡಲು ಮಿತ ಸಂಖ್ಯೆಯಲ್ಲಿ ಅವಕಾಶವಿತ್ತು. ಹೋಟೆಲು ತೆರೆದು ಶಾಲೆ ಮುಚ್ಚುವುದೇ ಎಂದು ಪೋಷಕರು ಕೇಳಿದರು. ಡಿಸೆಂಬರ್ 7ರಂದು ಚಿಕ್ಕ ಮಕ್ಕಳ ಶಾಲೆಗಳು ವಾರಕ್ಕೊಮ್ಮೆ ಪರೀಕ್ಷೆಯೊಂದಿಗೆ ಮತ್ತೆ ತೆರೆದವು. ನೂರಕ್ಕೆ 3ರ ಮಿತಿಯನ್ನು ಕೈಬಿಡಲಾಯಿತು.

ಊರಿಗೆಲ್ಲ ಒಂದೇ ಅಂಕಿ ಹಾಕಿಕೊಂಡರೆ ತೀರ್ಮಾನ ಸುಲಭವಾಗುತ್ತದೆ. ಆದರೆ ಆ ಅಂಕಿ ಶಾಲೆಯೊಳಗಿನ ಸ್ಥಿತಿಯನ್ನೇ ಹೇಳುತ್ತಿದೆಯೇ ಎಂದು ವಿಚಾರಿಸಬೇಕಾಗುತ್ತದೆ.

ನಮ್ಮಲ್ಲಿ

ಕರ್ನಾಟಕದಲ್ಲಿ 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ವನ್ನು ನೀವು ನೆನಪಿಸಿಕೊಳ್ಳಬಹುದು. ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಊರಿನ ಗುಡಿಯ ಅಂಗಳ, ಮರದ ನೆರಳು, ಸಮುದಾಯ ಭವನಗಳಿಗೆ ಹೋಗಿ ಚಿಕ್ಕ ಗುಂಪುಗಳಿಗೆ ಪಾಠ ಮಾಡಿದರು. ಬಯಲಿನ ಗಾಳಿ, ಸಣ್ಣ ಗುಂಪು, ಪರಿಚಿತ ಶಿಕ್ಷಕರ ಕಣ್ಣು ಇವು ಸೋಂಕಿನ ದೃಷ್ಟಿಯಿಂದ ಒಳ್ಳೆಯ ಅಂಶಗಳೇ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ವರದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲಿ ಮತ್ತೆ ನಡೆಸಲಾಯಿತು. ಎರಡನೆಯ ಅಲೆಯ ನಂತರ, 2021ರ ಆಗಸ್ಟ್ 23ರಂದು ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಶಾಲೆ ತೆರೆದಾಗ ಸೋಂಕಿನ ಪ್ರಮಾಣ ನೂರಕ್ಕೆ 2ಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳನ್ನು ಮಾತ್ರ ಆರಿಸಲಾಯಿತು. ಇಡೀ ರಾಜ್ಯಕ್ಕೆ ಒಂದೇ ಆದೇಶ ಎಂಬಲ್ಲಿಂದ ಜಿಲ್ಲೆಯ ಸ್ಥಿತಿ ನೋಡಿ ತೀರ್ಮಾನಿಸುವಲ್ಲಿಗೆ ಅದೊಂದು ಹೆಜ್ಜೆ.

ಮುಚ್ಚಿದ ದಿನಗಳಿಗೆ ಮಕ್ಕಳು ತೆತ್ತ ಬೆಲೆಯೂ ಲೆಕ್ಕದಲ್ಲಿ ಸೇರಬೇಕು. ರಾಜ್ಯದ ಗ್ರಾಮೀಣ ಪ್ರದೇಶಗಳಲ್ಲಿ 2021ರ ಆರಂಭದಲ್ಲಿ ನಡೆದ ‘ಅಸರ್’ ಸಮೀಕ್ಷೆಯ ಪ್ರಕಾರ, ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದದ್ದು ಸುಮಾರು 10ಕ್ಕೆ ಇಳಿದಿತ್ತು. ಮಧ್ಯಾಹ್ನದ ಬಿಸಿಯೂಟಕ್ಕೆ ಬದಲಾಗಿ ಧಾನ್ಯ ಕೊಟ್ಟರೂ ಅದು ತಟ್ಟೆಯಲ್ಲಿ ಬಡಿಸಿದ ಊಟಕ್ಕೆ ಸಮನಲ್ಲ. ಈ ನಷ್ಟ ಸಾವಿನಂತೆ ಒಂದೇ ವಾರದಲ್ಲಿ ಎಣಿಕೆಗೆ ಸಿಗುವುದಿಲ್ಲ. ತೀರ್ಮಾನ ತೆಗೆದುಕೊಳ್ಳುವವರ ಮೇಜಿನ ಮೇಲೆ ಅದು ತಡವಾಗಿ ಬರುವುದಕ್ಕೆ ಇದೇ ಕಾರಣ.

ನೀವು ಏನು ಮಾಡಬಹುದು?

ಮುಂದಿನ ಪಿಡುಗು ಯಾವಾಗ ಬರುತ್ತದೆ, ಯಾವುದು ಎಂದು ಹೇಳಲಾಗದು. ಅದು ಮಕ್ಕಳನ್ನು ಹೆಚ್ಚು ಬಾಧಿಸುವಂಥದ್ದಾದರೆ ಮುಚ್ಚುವುದೇ ಸರಿಯಾಗಬಹುದು. ಅಲ್ಲದಿದ್ದರೆ ಶಾಲೆ ತೆರೆದಿಡಲು ಬೇಕಾದ ಸಿದ್ಧತೆ ಪಿಡುಗು ಬರುವ ಮೊದಲೇ ಆಗಿರಬೇಕು. ನ್ಯೂಯಾರ್ಕ್ ಅದನ್ನು ಹದಿನಾರು ವರ್ಷ ಮುಂಚೆ ಆರಂಭಿಸಿತ್ತು.

ನಿಮ್ಮ ಶಾಲೆಯಲ್ಲಿ ಎರಡು ಚಟುವಟಿಕೆಗಳನ್ನು ಈಗಲೇ ಮಾಡಬಹುದು. ಮೊದಲನೆಯದು, ತರಗತಿಯ ನೆಲದ ವಿಸ್ತೀರ್ಣ ಮತ್ತು ತೆರೆಯಬಲ್ಲ ಕಿಟಕಿಗಳ ವಿಸ್ತೀರ್ಣವನ್ನು ಅಳತೆಪಟ್ಟಿಯಿಂದ ಅಳೆದು ಅನುಪಾತ ಲೆಕ್ಕ ಹಾಕಿ. ಎದುರುಬದುರು ಗೋಡೆಗಳಲ್ಲಿ ಕಿಟಕಿಗಳಿವೆಯೇ, ತುಕ್ಕು ಹಿಡಿದು ತೆರೆಯಲಾಗದವು ಎಷ್ಟು ಎಂದು ಪಟ್ಟಿ ಮಾಡಿ ಶಾಲಾಭಿವೃದ್ಧಿ ಸಮಿತಿಗೆ ಕೊಡಿ.

ಎರಡನೆಯದು ಇನ್ನೂ ಸುಲಭ. ನಿಮ್ಮ ಹಾಜರಿ ಪುಸ್ತಕವನ್ನು ತೆಗೆದುಕೊಂಡು ಕಳೆದ ಒಂದು ವರ್ಷದ ಪ್ರತಿದಿನದ ಗೈರುಹಾಜರಿಯನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ. ಜಾತ್ರೆ, ಹಬ್ಬ, ಕೊಯ್ಲಿನ ದಿನಗಳನ್ನು ಬದಿಗಿಡಿ. ಉಳಿದ ಏರುಗಳಲ್ಲಿ ಜ್ವರ, ಕಣ್ಣುಬೇನೆ, ವಾಂತಿಭೇದಿಗಳ ಗುರುತು ನಿಮಗೆ ಸಿಗಬಹುದು. ಆಸ್ಪತ್ರೆಗೆ ರೋಗಿಗಳು ಬರುವ ಮೊದಲೇ ಹಾಜರಿ ಪುಸ್ತಕ ಸೂಚನೆ ಕೊಡುವುದುಂಟು. ಗೈರಾದ ಮಗುವಿನ ಹೆಸರಿನ ಮುಂದೆ ಕಾರಣವನ್ನೂ ಒಂದು ಪದದಲ್ಲಿ ಬರೆದಿಡುವ ರೂಢಿ ಬೆಳೆಸಿ, ಒಂದೇ ಕಾರಣ ಮೂರು ನಾಲ್ಕು ಸಲ ಕಂಡ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಕರೆ ಮಾಡಿ. ಮುಂದೊಂದು ದಿನ ನಿಮ್ಮ ಊರಿನ ಶಾಲೆಯ ಬಾಗಿಲಿನ ಬಗ್ಗೆ ತೀರ್ಮಾನಿಸಬೇಕಾದವರಿಗೆ ಆ ಪುಸ್ತಕ ನೆರವಾದೀತು.